ಪಾರ್ಕಿನ್ಸನ್‌ಗೆ ಗ್ಲುಟಾಥಯೋನ್ ಡ್ರಿಪ್, ವಿಟಮಿನ್ ಇ, ನಸುಗುನ್ನಿ ಪುಡಿ: ಮಾತ್ರೆ ಬಿಟ್ಟು ಇವನ್ನು ನಂಬಬಹುದೇ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಕಡೆ. ಅಪ್ಪನಿಗೆ 67 ವರ್ಷ. ಫೋರ್ಟ್‌ನ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ಆಯುಷ್ಯ ಕಳೆದವರು. ಹೋದ ವರ್ಷ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಸಿಂಡೋಪಾ ಮಾತ್ರೆ ದಿನಕ್ಕೆ ಮೂರು ಸಲ ನಡೆಯುತ್ತಿದೆ. ಆದರೆ ನಮ್ಮ ಸೋದರಮಾವ, ‘ಆ ಮಾತ್ರೆಯೇ ಮಿದುಳಿನಲ್ಲಿ ವಿಷ ಹುಟ್ಟಿಸುತ್ತದೆ, ಆದಷ್ಟು ದಿನ ಮುಂದೆ ಹಾಕಬೇಕು’ ಎಂದು ಹೇಳಿ ಠಾಣೆಯ ಒಂದು ವೆಲ್‌ನೆಸ್ ಸೆಂಟರಿಗೆ ಕರೆದುಕೊಂಡು ಹೋದರು. ಅಲ್ಲಿ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟಿನ ಡ್ರಿಪ್ ಹಾಕುತ್ತಾರೆ. ಜೊತೆಗೆ ವಿಟಮಿನ್ ಇ, ಕೋಕ್ಯೂ10 ಎಂಬ ಇನ್ನೊಂದು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಮತ್ತು ನಸುಗುನ್ನಿ ಪುಡಿ ಕೊಟ್ಟಿದ್ದಾರೆ. ಎರಡು ಡ್ರಿಪ್ ಆದ ಮೇಲೆ ಅಪ್ಪ ನಿಜಕ್ಕೂ ಚುರುಕಾಗಿದ್ದಾರೆ. ಕಾಯಿಲೆಗೆ ಆಕ್ಸಿಡೇಟಿವ್ ಸ್ಟ್ರೆಸ್ (ಫ್ರೀ ರ‍್ಯಾಡಿಕಲ್ ಎಂಬ ಉಗ್ರ ಕಣಗಳಿಂದ ಕೋಶಗಳಿಗೆ ಆಗುವ ಹಾನಿ) ಕಾರಣ, ಅದನ್ನು ತಡೆಯುವ ಆಂಟಿಆಕ್ಸಿಡೆಂಟ್ ಕೊಟ್ಟರೆ ಬುಡದಿಂದ ಗುಣವಾಗುತ್ತದೆ ಎನ್ನುತ್ತಾರೆ ಸೆಂಟರಿನವರು. ಸಿಂಡೋಪಾ ನಿಲ್ಲಿಸಿ ಇದನ್ನೇ ಮುಂದುವರಿಸಬಹುದೇ?

ಉತ್ತರ:

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಸಿಂಡೋಪಾ ನಿಲ್ಲಿಸಬೇಡಿ. ಡ್ರಿಪ್ ನಿಲ್ಲಿಸಿ. ನಸುಗುನ್ನಿ ಪುಡಿಯ ವಿಷಯವನ್ನು ಇವತ್ತೇ ಅಪ್ಪನ ನ್ಯೂರಾಲಜಿಸ್ಟ್‌ಗೆ ತಿಳಿಸಿ. ಎಷ್ಟು ಚಮಚ, ಯಾವ ಹೊತ್ತಿಗೆ, ಎಷ್ಟು ದಿನದಿಂದ ಎಂಬುದನ್ನು ಬರೆದುಕೊಂಡು ಹೋಗಿ. ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ಯಾಕೆ ಪುಡಿಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಗೊತ್ತಾ? ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಅದರ ಮೇಲೆಯೇ. ಅಪ್ಪ ಚುರುಕಾಗಿದ್ದಾರೆ ಅನ್ನುವುದನ್ನು ನಾನು ನಂಬುತ್ತೇನೆ. ಆದರೆ ಅದು ಡ್ರಿಪ್‌ನಿಂದ ಆದದ್ದು ಎಂದು ನಂಬುವುದಿಲ್ಲ.

ನಸುಗುನ್ನಿ ಬಳ್ಳಿ ನಿಮ್ಮ ಕುಂದಾಪುರದ ಬೇಲಿಗಳಲ್ಲೂ ಇದೆ, ಇಲ್ಲಿ ಕೊಂಕಣದ ಗುಡ್ಡಗಳಲ್ಲೂ ಇದೆ. ಮರಾಠಿಯವರು ಖಾಜಕುಯಿಲಿ ಎನ್ನುತ್ತಾರೆ. ಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುತ್ತದೆ. ಮದ್ದಿಗೆ ಬಳಸುವುದು ಒಳಗಿನ ಬೀಜ. ಆ ಬೀಜದೊಳಗೆ ಏನಿದೆ ಎಂದು 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದರು. ಅದರಲ್ಲಿರುವುದು ಲೆವೊಡೋಪಾ. ಪಾರ್ಕಿನ್ಸನ್‌ನಲ್ಲಿ ಮಿದುಳಿಗೆ ಕಡಿಮೆ ಬೀಳುವುದು ಡೋಪಮೈನ್ ಎಂಬ ರಾಸಾಯನಿಕ, ಲೆವೊಡೋಪಾ ಮಿದುಳಿನಲ್ಲಿ ಆ ಡೋಪಮೈನ್ ಆಗಿ ಬದಲಾಗುತ್ತದೆ. ಹೌದು, ಅಪ್ಪನ ಸಿಂಡೋಪಾ ಮಾತ್ರೆಯಲ್ಲಿ ಇರುವ ಅದೇ ಲೆವೊಡೋಪಾ!

ಅಂದರೆ ನಿಮ್ಮ ಸೋದರಮಾವ ಯಾವುದನ್ನು ವಿಷ ಎಂದು ಬಿಡಿಸಲು ಹೊರಟಿದ್ದಾರೋ, ಅದನ್ನೇ ಆ ಸೆಂಟರಿನವರು ಇನ್ನೊಂದು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಾರೆ. ಅವರ ಮನಸ್ಸು ಒಳ್ಳೆಯದೇ, ಅವರ ಮೇಲೆ ಸಿಟ್ಟಾಗಬೇಡಿ. ಆದರೆ ಇದನ್ನು ಅವರಿಗೂ ಓದಿಸಿ.

ಈಗ ಲೆಕ್ಕ ನೋಡಿ. ನಸುಗುನ್ನಿ ಬೀಜದಲ್ಲಿ ನೂರು ಗ್ರಾಂಗೆ ಸುಮಾರು 4ರಿಂದ 6 ಗ್ರಾಂ ಲೆವೊಡೋಪಾ ಇರುತ್ತದೆ. ಜಾಗ, ತಳಿ, ಹುರಿದದ್ದೋ ಹಸಿಯೋ ಎಂಬುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಐದು ಗ್ರಾಂ ಪುಡಿ ಎಂದರೆ 200ರಿಂದ 300 ಮಿಲಿಗ್ರಾಂ ಲೆವೊಡೋಪಾ ಹೊಟ್ಟೆಗೆ ಹೋಯಿತು. ಬರೀ ಪುಡಿ ತಿಂದರೆ ಅದರಲ್ಲಿ ಬಹುಪಾಲು ಮಿದುಳಿಗೆ ತಲುಪುವ ಮೊದಲೇ ಕರುಳಲ್ಲಿ, ರಕ್ತದಲ್ಲಿ ಡೋಪಮೈನ್ ಆಗಿ ಖರ್ಚಾಗುತ್ತದೆ. ಅದಕ್ಕೇ ಹೊಟ್ಟೆ ತೊಳಸುವುದು, ಬಿಪಿ ಇಳಿಯುವುದು. ಸಿಂಡೋಪಾದಲ್ಲಿ ಲೆವೊಡೋಪಾ ಜೊತೆ ಕಾರ್ಬಿಡೋಪಾ ಕೂಡ ಇದೆ. ಈ ದಾರಿಖರ್ಚನ್ನು ತಡೆಯುವುದೇ ಅದರ ಕೆಲಸ. ಅದರಿಂದಾಗಿ ಲೆವೊಡೋಪಾ ಕಾಲು ಭಾಗದಷ್ಟು ಸಾಕಾಗುತ್ತದೆ.

ನಿಮ್ಮ ಅಪ್ಪ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆಯ ಕಾರ್ಬಿಡೋಪಾ ಪುಡಿಯ ಲೆವೊಡೋಪಾಕ್ಕೂ ದಾರಿ ಮಾಡಿಕೊಡುತ್ತದೆ. ಡಾಕ್ಟರು ಬರೆದ ಡೋಸ್ ಒಂದು, ಒಳಗೆ ಹೋಗುತ್ತಿರುವ ಡೋಸ್ ಇನ್ನೊಂದು. ಚುರುಕಾಗದೆ ಇನ್ನೇನು? ಆದರೆ ಇದು ಹೀಗೇ ಮುಂದುವರಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಕೈ ಕಾಲು ತಾನಾಗಿ ತಿರುಚಾಡಬಹುದು. ರಾತ್ರಿ ಇಲ್ಲದವರು ಕಾಣಿಸಬಹುದು. ಆಗ ಪುಡಿಯ ವಿಷಯ ಗೊತ್ತಿಲ್ಲದ ಡಾಕ್ಟರು ಮಾತ್ರೆಯ ಡೋಸ್ ಇಳಿಸುತ್ತಾರೆ. ಮುಂದಿನ ತಿಂಗಳು ಪುಡಿ ಮುಗಿದರೆ ಅಪ್ಪ ಮರದ ಕೊರಡಿನಂತೆ ಬಿಗಿದುಕೊಳ್ಳುತ್ತಾರೆ.

ನಸುಗುನ್ನಿಯನ್ನು ನಾನು ತೆಗೆದುಹಾಕುತ್ತಿಲ್ಲ. ಲೆವೊಡೋಪಾ ಮಾತ್ರೆ ಕೊಳ್ಳಲಾಗದ ಕಡೆ ಇದರ ಮೇಲೆ ಒಳ್ಳೆಯ ಅಧ್ಯಯನಗಳೇ ನಡೆದಿವೆ. ಆದರೆ ಅದು ಲೆವೊಡೋಪಾ ಎಂದು ತಿಳಿದು, ಅಳೆದು, ಡಾಕ್ಟರ ಕಣ್ಗಾವಲಿನಲ್ಲಿ ಕೊಡಬೇಕಾದದ್ದು. ಆಂಟಿಆಕ್ಸಿಡೆಂಟ್ ಎಂಬ ಹೆಸರಲ್ಲಿ ಚಮಚದ ಲೆಕ್ಕದಲ್ಲಿ ಕೊಡುವುದಲ್ಲ.

ಇನ್ನು ಡ್ರಿಪ್‌ನಿಂದಲೇ ಹಾಯೆನಿಸಿತು ಅನ್ನುವ ಮಾತು. ಪಾರ್ಕಿನ್ಸನ್‌ನಲ್ಲಿ ಒಂದು ವಿಚಿತ್ರ ಇದೆ. ಬೇರೆ ಎಷ್ಟೋ ಕಾಯಿಲೆಗಳಿಗಿಂತ ಇಲ್ಲಿ ನಂಬಿಕೆಯ ಪರಿಣಾಮ ಜಾಸ್ತಿ. 2001ರಲ್ಲಿ ಕೆನಡಾದ ವಿಜ್ಞಾನಿಗಳು ಪಾರ್ಕಿನ್ಸನ್ ಇದ್ದವರಿಗೆ ಔಷಧಿಯೇ ಇಲ್ಲದ ಇಂಜೆಕ್ಷನ್ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ಔಷಧಿ ಬರುತ್ತದೆ ಎಂಬ ನಿರೀಕ್ಷೆಯೊಂದರಿಂದಲೇ ಅವರ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗಿತ್ತು. ಅಂದರೆ ಅದು ನಾಟಕವಲ್ಲ, ಸುಮ್ನೆ ಮನಸ್ಸಿನ ಭ್ರಮೆಯೂ ಅಲ್ಲ. ನಿಜವಾದ ಡೋಪಮೈನ್. ಆದರೆ ಅದು ಉಳಿದಿರುವ ನರಕೋಶಗಳಿಂದಲೇ ಬಂದದ್ದು. ಹೊಸದಾಗಿ ಯಾವುದೂ ಹುಟ್ಟಿಲ್ಲ. ಏಸಿ ರೂಮು, ಮೆತ್ತನೆಯ ಕುರ್ಚಿ, ಮಗಳೋ ಮಗನೋ ಪಕ್ಕದಲ್ಲಿ, ಕೈಗೆ ಹಾಕಿದ ಸೂಜಿ, ಸಾವಿರಾರು ರೂಪಾಯಿಯ ಬಿಲ್ಲು. ನಿರೀಕ್ಷೆ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ?

ಹಾಗಾಗಿಯೇ ಈ ಕಾಯಿಲೆಯ ಯಾವ ಔಷಧಿಯನ್ನೂ ‘ನಮ್ಮವರಿಗೆ ಗುಣವಾಯ್ತು’ ಎಂಬ ಮಾತಿನಿಂದ ತೂಗುವಂತಿಲ್ಲ. ಅರ್ಧ ಜನಕ್ಕೆ ಅಸಲಿ, ಅರ್ಧ ಜನಕ್ಕೆ ನಕಲಿ ಕೊಟ್ಟು, ಯಾರಿಗೆ ಏನು ಸಿಕ್ಕಿತು ಎಂದು ಡಾಕ್ಟರಿಗೂ ರೋಗಿಗೂ ಗೊತ್ತಾಗದಂತೆ ನೋಡಬೇಕು. ಗ್ಲುಟಾಥಯೋನ್ ಡ್ರಿಪ್ ಮೇಲೆ ಅಂಥದ್ದೊಂದು ಚಿಕ್ಕ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. 21 ಜನ, ವಾರಕ್ಕೆ ಮೂರು ಸಲ 1400 ಮಿಲಿಗ್ರಾಂ, ನಾಲ್ಕು ವಾರ. 2009ರಲ್ಲಿ ಫಲಿತಾಂಶ ಬಂತು. ನಕಲಿ ಡ್ರಿಪ್‌ಗೂ ಅಸಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆಮೇಲೆ ಮೂಗಿನ ಮೂಲಕ ಗ್ಲುಟಾಥಯೋನ್ ಕೊಟ್ಟು ನೋಡಿದರು. 2017ರ ಆ ವರದಿಯಲ್ಲಿ ಎಲ್ಲರೂ ಸ್ವಲ್ಪ ಸುಧಾರಿಸಿದ್ದರು. ನಕಲಿ ತೆಗೆದುಕೊಂಡವರೂ ಸೇರಿ!

ಹಾಗಾದರೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುವುದೇ ಸುಳ್ಳಾ? ಅಲ್ಲ. ಇಲ್ಲೇ ಆ ಸೆಂಟರಿನವರ ಮಾತು ಅರ್ಧ ಸತ್ಯ. ಅರ್ಧ ಸತ್ಯವಾದ್ದರಿಂದಲೇ ಅದು ಇಷ್ಟು ಚೆನ್ನಾಗಿ ಮಾರಾಟವಾಗುತ್ತದೆ.

ಮಿದುಳಿನ ಬುಡದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪುಟ್ಟ ಜಾಗ ಇದೆ. ಬರಿಗಣ್ಣಿಗೇ ಕಪ್ಪಾಗಿ ಕಾಣುತ್ತದೆ. ಪಾರ್ಕಿನ್ಸನ್ ಇದ್ದು ತೀರಿಕೊಂಡವರಲ್ಲಿ ಆ ಕಪ್ಪು ಮಾಸಿರುತ್ತದೆ. ಡೋಪಮೈನ್ ಮಾಡುವ ನರಕೋಶಗಳು ಇರುವುದು ಅಲ್ಲಿ. ಈ ನರಕೋಶಗಳ ಬಾಳೇ ಕಷ್ಟದ್ದು. ಒಂದೊಂದಕ್ಕೂ ಲೆಕ್ಕವಿಲ್ಲದಷ್ಟು ಕವಲು. ಅವನ್ನೆಲ್ಲ ನಡೆಸಲು ಮೈಟೋಕಾಂಡ್ರಿಯಾಗಳು ಹಗಲು ರಾತ್ರಿ ಶಕ್ತಿ ತಯಾರಿಸಬೇಕು. ಮೇಲಿಂದ ಡೋಪಮೈನ್ ತಾನೇ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಒಡೆಯುವ ಕಿಣ್ವದ ಹೆಸರು ಮಾವೊ-ಬಿ. ಆ ಜಾಗದಲ್ಲಿ ಕಬ್ಬಿಣದ ಅಂಶವೂ ಜಾಸ್ತಿ. ಪೆರಾಕ್ಸೈಡಿಗೆ ಕಬ್ಬಿಣ ಸಿಕ್ಕಿದರೆ ಇನ್ನೂ ಉಗ್ರವಾದ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಇದನ್ನೆಲ್ಲ ತೊಳೆಯಬೇಕಾದದ್ದು ಗ್ಲುಟಾಥಯೋನ್. ಅದು ಪಾರ್ಕಿನ್ಸನ್ ಇದ್ದವರ ಆ ಜಾಗದಲ್ಲಿ ಕಡಿಮೆಯಾಗಿರುವುದು ಕಂಡುಬಂದಿದೆ. ಮೈಟೋಕಾಂಡ್ರಿಯಾದ ಒಂದು ಮುಖ್ಯ ಭಾಗವಾದ ಕಾಂಪ್ಲೆಕ್ಸ್-1 ಸೊರಗಿರುವುದನ್ನು 1989ರಲ್ಲಿ ಲಂಡನ್ನಿನ ವಿಜ್ಞಾನಿಗಳು ತೋರಿಸಿದರು.

ಇದಕ್ಕೂ ಮೊದಲು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ದುರಂತ ನಡೆದಿತ್ತು. ಕಳ್ಳ ಲ್ಯಾಬಿನಲ್ಲಿ ಮಾಡಿದ ಮಾದಕ ಪುಡಿ ಚುಚ್ಚಿಕೊಂಡ ಕೆಲವರು ಕೆಲವೇ ದಿನಗಳಲ್ಲಿ ಕಲ್ಲಿನಂತೆ ಬಿಗಿದುಹೋದರು. ನೋಡಲು ಥೇಟ್ ಪಾರ್ಕಿನ್ಸನ್. ಪುಡಿಯಲ್ಲಿ ತಪ್ಪಿ ಸೇರಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಮಾವೊ-ಬಿಯಿಂದ ವಿಷವಾಗಿ ಬದಲಾಗಿ, ಅದೇ ನರಕೋಶಗಳ ಒಳಹೊಕ್ಕು, ಅದೇ ಕಾಂಪ್ಲೆಕ್ಸ್-1ನ್ನು ಹಿಡಿದು ನಿಲ್ಲಿಸಿತ್ತು. ಇಷ್ಟೆಲ್ಲ ಸಾಕ್ಷಿ ಒಂದೇ ಕಡೆ ಬೆರಳು ತೋರಿಸುವಾಗ ಯಾರಿಗೆ ತಾನೇ ಅನಿಸುವುದಿಲ್ಲ, ಆಂಟಿಆಕ್ಸಿಡೆಂಟ್ ಕೊಟ್ಟರೆ ಮುಗಿಯಿತು ಅಂತ? ಡಾಕ್ಟರುಗಳಿಗೂ ವಿಜ್ಞಾನಿಗಳಿಗೂ ಹಾಗೇ ಅನಿಸಿತ್ತು. ಅದಕ್ಕೇ ಕೋಟಿಗಟ್ಟಲೆ ಖರ್ಚು ಮಾಡಿ ಒಂದೊಂದಾಗಿ ಕೊಟ್ಟು ನೋಡಿದರು.

ಮೊದಲ ದೊಡ್ಡ ಪ್ರಯೋಗ ಡಾಟಾಟಾಪ್. ಅಮೆರಿಕ, ಕೆನಡಾದ 800 ಜನ, ಎಲ್ಲರೂ ಕಾಯಿಲೆಯ ಶುರುವಿನಲ್ಲಿದ್ದವರು. ದಿನಕ್ಕೆ 2000 ಐಯು ವಿಟಮಿನ್ ಇ. ನಮ್ಮ ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದಲ್ಲ, ಕೂದಲಿಗೆ, ಮುಖಕ್ಕೆ ಅಂತ ಒಡೆದು ಹಚ್ಚಿಕೊಳ್ಳುವ ಹಸಿರು ಕ್ಯಾಪ್ಸೂಲ್, ಎವಿಯಾನ್ 400. ಅಂಥದ್ದು ದಿನಕ್ಕೆ ಐದು ನುಂಗಿದ ಹಾಗೆ. 1993ರಲ್ಲಿ ಅಂತಿಮ ವರದಿ ಬಂತು. ವಿಟಮಿನ್ ಇ ಯಿಂದ ಏನೂ ಪ್ರಯೋಜನ ಇಲ್ಲ. ಅದೇ ಪ್ರಯೋಗದಲ್ಲಿದ್ದ ಇನ್ನೊಂದು ಔಷಧಿ ಸೆಲೆಜಿಲಿನ್ ಮಾತ್ರ ಲೆವೊಡೋಪಾ ಬೇಕಾಗುವ ದಿನವನ್ನು ಕೆಲವು ತಿಂಗಳು ಮುಂದೂಡಿತು. ಅದು ಮಾವೊ-ಬಿಯನ್ನು ತಡೆಯುವ ಮಾತ್ರೆ. ಆಗ ಎಲ್ಲರೂ ಕುಣಿದರು. ಮತ್ತೆ ನೋಡಿದರೆ ಅದು ಇರುವ ಡೋಪಮೈನನ್ನೇ ಸ್ವಲ್ಪ ಜಾಸ್ತಿ ಹೊತ್ತು ಉಳಿಸಿ ಲಕ್ಷಣ ತಗ್ಗಿಸಿತ್ತು. ನರಕೋಶ ಉಳಿಸಿತು ಎನ್ನಲು ಸಾಕ್ಷಿ ಸಾಲಲಿಲ್ಲ.

ಕೋಕ್ಯೂ10 ಕಥೆ ಇನ್ನೂ ಪಾಠದ್ದು. 2002ರಲ್ಲಿ 80 ಜನರ ಚಿಕ್ಕ ಪ್ರಯೋಗದಲ್ಲಿ ದಿನಕ್ಕೆ 1200 ಮಿಲಿಗ್ರಾಂ ತೆಗೆದುಕೊಂಡವರ ಕಾಯಿಲೆ ನಿಧಾನವಾದಂತೆ ಕಂಡಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆ ಸುದ್ದಿ ಈಗಲೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಆದರೆ ಅದರ ಮುಂದಿನ ಭಾಗ ಓಡಾಡುವುದಿಲ್ಲ. 600 ಜನರ ಮೇಲೆ 1200 ಮತ್ತು 2400 ಮಿಲಿಗ್ರಾಂ ಕೊಟ್ಟು, ಜೊತೆಗೆ ವಿಟಮಿನ್ ಇಯನ್ನೂ ಕೊಟ್ಟು ನೋಡಿದ ದೊಡ್ಡ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮುಂದುವರಿಸಿದರೂ ಪ್ರಯೋಜನ ಕಾಣುವುದಿಲ್ಲ ಎಂದು ಲೆಕ್ಕ ಹೇಳಿತು. 2014ರಲ್ಲಿ ವರದಿ ಪ್ರಕಟವಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಕ್ಯಾಪ್ಸೂಲ್ 100 ಮಿಲಿಗ್ರಾಂನದು. ದಿನಕ್ಕೆ ಹನ್ನೆರಡು, ಇಪ್ಪತ್ನಾಲ್ಕು ನುಂಗಿದವರಿಗೇ ಆಗದ್ದು ಒಂದರಿಂದ ಆಗುತ್ತದೆಯೇ?

ಕೋಶಗಳ ಶಕ್ತಿಗೆ ನೆರವಾಗುವ ಕ್ರಿಯಾಟಿನ್ ಕೊಟ್ಟು ನೋಡಿದರು. 1700ಕ್ಕೂ ಹೆಚ್ಚು ಜನ, ಫಲವಿಲ್ಲ. ರಕ್ತದ ಯೂರಿಕ್ ಆಸಿಡ್ ಕೂಡ ಆಂಟಿಆಕ್ಸಿಡೆಂಟೇ, ಅದು ಜಾಸ್ತಿ ಇದ್ದವರಲ್ಲಿ ಕಾಯಿಲೆ ನಿಧಾನ ಎಂದು ಕಂಡು ಅದನ್ನು ಏರಿಸುವ ಇನೊಸಿನ್ ಕೊಟ್ಟರು. 2021ರ ವರದಿ: ಯೂರಿಕ್ ಆಸಿಡ್ ಏರಿತು, ಕಾಯಿಲೆ ತನ್ನ ಪಾಡಿಗೆ ನಡೆಯಿತು, ಕೆಲವರಿಗೆ ಕಿಡ್ನಿ ಕಲ್ಲು ಬಂತು.

ನನ್ನನ್ನು ತುಂಬ ಯೋಚಿಸುವಂತೆ ಮಾಡಿದ್ದು 2022ರ ಡೆಫೆರಿಪ್ರೋನ್ ಪ್ರಯೋಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೇಲೆ ಹೇಳಿದೆನಲ್ಲ, ಆ ಜಾಗದಲ್ಲಿ ಕಬ್ಬಿಣ ಜಾಸ್ತಿ ಎಂದು. ಡೆಫೆರಿಪ್ರೋನ್ ಮೈಯಿಂದ ಕಬ್ಬಿಣ ಎಳೆದು ಹೊರಹಾಕುವ ಮಾತ್ರೆ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಿಗೆ ಇದನ್ನು ಕೊಡುತ್ತಾರೆ. ಇದು ಮಿದುಳಿಗೂ ಹೋಗುತ್ತದೆ. ಯುರೋಪಿನಲ್ಲಿ 372 ಜನರಿಗೆ, ಇನ್ನೂ ಲೆವೊಡೋಪಾ ಶುರುಮಾಡದವರಿಗೆ, 36 ವಾರ ಕೊಟ್ಟು ನೋಡಿದರು. ಎಂಆರ್‌ಐಯಲ್ಲಿ ಆ ಜಾಗದ ಕಬ್ಬಿಣ ಕಡಿಮೆಯಾದದ್ದು ಕಂಡಿತು. ಅಂದರೆ ಔಷಧಿ ಹೋಗಬೇಕಾದಲ್ಲಿಗೆ ಹೋಗಿದೆ, ಮಾಡಬೇಕಾದದ್ದನ್ನು ಮಾಡಿದೆ. ರೋಗಿಗಳು ಮಾತ್ರ ಹದಗೆಟ್ಟರು! ಕಾಯಿಲೆಯ ಅಂಕ ನಕಲಿ ಗುಂಪಿನಲ್ಲಿ 6.3 ಏರಿದರೆ ಅಸಲಿ ಗುಂಪಿನಲ್ಲಿ 15.6 ಏರಿತು. ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ ಎಂದರ್ಥ. ಅಸಲಿ ಗುಂಪಿನಲ್ಲಿ ನೂರಕ್ಕೆ 22 ಜನಕ್ಕೆ ನಡುವೆಯೇ ಡೋಪಮೈನ್ ಔಷಧಿ ಶುರುಮಾಡಬೇಕಾಯಿತು. ನಕಲಿ ಗುಂಪಿನಲ್ಲಿ ನೂರಕ್ಕೆ ಮೂರು ಜನಕ್ಕೂ ಬೇಕಾಗಲಿಲ್ಲ.

ಯಾಕೆ ಹೀಗಾಯಿತು? ಡೋಪಮೈನ್ ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು. ಕಸವೆಂದು ತೆಗೆದದ್ದು ಕೆಲಸಕ್ಕೆ ಬೇಕಾದದ್ದೂ ಆಗಿತ್ತು ಎನ್ನುವುದು ಈಗಿನ ವಿವರಣೆ. ‘ಡಿಟಾಕ್ಸ್’ ಎಂದು ಸಲೀಸಾಗಿ ಹೇಳುವವರು ಈ ಒಂದು ಪ್ರಯೋಗವನ್ನಾದರೂ ಓದಬೇಕು ಎಂದು ನನಗೆ ಅನಿಸುತ್ತದೆ.

ಅಪ್ಪ ಹೋಟೆಲಿನವರಾದ್ದರಿಂದ ಅವರಿಗೆ ಹೀಗೆ ಹೇಳಿ. ಅಡುಗೆಮನೆ ತುಂಬ ಹೊಗೆ. ಹೊಗೆ ಇದೆ ಎನ್ನುವುದು ಸತ್ಯ, ಹೊಗೆ ಕೆಟ್ಟದ್ದು ಎನ್ನುವುದೂ ಸತ್ಯ. ಆದರೆ ಎಕ್ಸಾಸ್ಟ್ ಫ್ಯಾನ್ ಹಾಕಿದ ಮಾತ್ರಕ್ಕೆ ತಳ ಹಿಡಿಯುತ್ತಿರುವ ಪಾತ್ರೆ ಸರಿಯಾಗುವುದಿಲ್ಲ. ಫ್ರೀ ರ‍್ಯಾಡಿಕಲ್‌ಗಳು ಕಾಯಿಲೆಯ ಕಾರಣವೋ, ಪರಿಣಾಮವೋ, ಎರಡೂ ಹೌದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಲ್ಫಾ-ಸಿನುಕ್ಲಿಯಿನ್ ಎಂಬ ಪ್ರೋಟೀನ್ ಗಂಟುಗಟ್ಟುವುದು, ಕೋಶದ ಕಸ ವಿಲೇವಾರಿ ಕೆಡುವುದು, ಕೆಲವರಲ್ಲಿ ವಂಶವಾಹಿ, ಹೀಗೆ ಇನ್ನೂ ಹಲವು ಎಳೆಗಳಿವೆ. ಮೇಲಾಗಿ ಕೈ ನಡುಗುವ ಹೊತ್ತಿಗೆ ಆ ಜಾಗದ ನರಕೋಶಗಳಲ್ಲಿ ದೊಡ್ಡ ಪಾಲು ಹೋಗಿಯಾಗಿರುತ್ತದೆ. ಡ್ರಿಪ್‌ನಲ್ಲಿ ಕೊಟ್ಟ ಗ್ಲುಟಾಥಯೋನ್ ರಕ್ತದಲ್ಲಿ ಬೇಗ ಒಡೆದುಹೋಗುತ್ತದೆ, ರಕ್ತ ಮತ್ತು ಮಿದುಳಿನ ನಡುವಿನ ತಡೆ ದಾಟುವುದೂ ಅಷ್ಟಕ್ಕಷ್ಟೆ.

ಈಗ ಸೋದರಮಾವನ ಮುಖ್ಯ ಆಕ್ಷೇಪಕ್ಕೆ ಬರೋಣ. ಲೆವೊಡೋಪಾ ಒಡೆದಾಗ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ, ಹಾಗಾಗಿ ಅದು ಮಿದುಳಿಗೆ ವಿಷ. ಈ ಭಯ ಅವರು ಕಟ್ಟಿದ್ದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳಿಗೇ ಇತ್ತು. ಲ್ಯಾಬಿನ ತಟ್ಟೆಯಲ್ಲಿ ನರಕೋಶ ಬೆಳೆಸಿ ಅದರ ಮೇಲೆ ಲೆವೊಡೋಪಾ ಸುರಿದರೆ ಕೋಶಗಳು ಸಾಯುತ್ತವೆ. ಅದನ್ನು ನೋಡಿ ಎಷ್ಟೋ ವರ್ಷ ರೋಗಿಗಳಿಗೆ ‘ಇನ್ನೂ ಸ್ವಲ್ಪ ತಡೆಯಿರಿ’ ಎಂದು ಹೇಳಿದ್ದೂ ಉಂಟು. ಪಾಪ, ಅಂಗಿಯ ಗುಂಡಿ ಹಾಕಲಾಗದೆ ಒದ್ದಾಡಿದವರು ಎಷ್ಟು ಜನವೋ!

ಮನುಷ್ಯರಲ್ಲಿ ನೋಡಿದಾಗ ಬೇರೆಯೇ ಉತ್ತರ ಬಂತು. 2004ರ ಎಲ್ಡೋಪಾ ಪ್ರಯೋಗದಲ್ಲಿ 361 ಜನರಿಗೆ ಬೇರೆ ಬೇರೆ ಡೋಸ್ ಲೆವೊಡೋಪಾ ಅಥವಾ ನಕಲಿ ಮಾತ್ರೆಯನ್ನು 40 ವಾರ ಕೊಟ್ಟರು. ಆಮೇಲೆ ಎರಡು ವಾರ ಎಲ್ಲ ನಿಲ್ಲಿಸಿ ಪರೀಕ್ಷಿಸಿದರು. ಲೆವೊಡೋಪಾ ತೆಗೆದುಕೊಂಡವರು ಆಗಲೂ ನಕಲಿಯವರಿಗಿಂತ ಚೆನ್ನಾಗಿದ್ದರು. ವಿಷವಾಗಿದ್ದರೆ ಉಲ್ಟಾ ಆಗಬೇಕಿತ್ತು, ಅಲ್ವಾ? 2019ರಲ್ಲಿ ನೆದರ್‌ಲ್ಯಾಂಡ್ಸ್‌ನ 445 ಜನರ ಪ್ರಯೋಗ ಬಂತು. ಅರ್ಧ ಜನ ಬೇಗ ಶುರುಮಾಡಿದರು, ಅರ್ಧ ಜನ 40 ವಾರ ತಡವಾಗಿ. 80 ವಾರದ ಕೊನೆಗೆ ಇಬ್ಬರೂ ಒಂದೇ ಹಂತದಲ್ಲಿದ್ದರು. ಲೆವೊಡೋಪಾ ಕಾಯಿಲೆಯನ್ನು ನಿಧಾನಿಸುವುದೂ ಇಲ್ಲ, ವೇಗಗೊಳಿಸುವುದೂ ಇಲ್ಲ. ತಡಮಾಡಿದವರಿಗೆ ಸಿಕ್ಕಿದ್ದು ಕಷ್ಟದ ತಿಂಗಳುಗಳು ಮಾತ್ರ.

‘ಬೇಗ ಶುರುಮಾಡಿದರೆ ಬೇಗ ಕೈಕಾಲು ತಿರುಚಲು ಶುರುವಾಗುತ್ತದೆ’ ಎಂಬ ಇನ್ನೊಂದು ಹೆದರಿಕೆಯೂ ಇದೆ. ಘಾನಾ ದೇಶದಲ್ಲಿ ಔಷಧಿ ಸಿಗದೆ ರೋಗಿಗಳು ವರ್ಷಗಟ್ಟಲೆ ತಡವಾಗಿ ಲೆವೊಡೋಪಾ ಶುರುಮಾಡುತ್ತಿದ್ದರು. ಅವರನ್ನು ಇಟಲಿಯವರ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ತಿರುಚಾಟ ಬಂದದ್ದು ಕಾಯಿಲೆಗೆ ಎಷ್ಟು ವರ್ಷವಾಯಿತು ಎಂಬುದರ ಮೇಲೆ, ಮೈತೂಕಕ್ಕೆ ಡೋಸ್ ಎಷ್ಟು ಎಂಬುದರ ಮೇಲೆ. ಮಾತ್ರೆ ಶುರುಮಾಡಿ ಎಷ್ಟು ದಿನವಾಯಿತು ಎಂಬುದರ ಮೇಲೆ ಅಲ್ಲ. ಹಾಗಾಗಿ ಡೋಸ್ ಬೇಕಾದಷ್ಟೇ ಇರಲಿ, ಆದರೆ ಹೆದರಿ ಮುಂದೆ ಹಾಕುವುದು ಬೇಡ. ಹಠಾತ್ತನೆ ನಿಲ್ಲಿಸುವುದಂತೂ ಅಪಾಯ. ಮೈ ಬಿಗಿದು, ಜ್ವರ ಏರಿ, ಗಲಿಬಿಲಿಯಾಗಿ ಆಸ್ಪತ್ರೆ ಸೇರಬೇಕಾಗಬಹುದು.

ನಿಜವಾಗಿ ವಿಷ ಹುಡುಕುವುದಾದರೆ ಮನೆಯ ಔಷಧಿ ಡಬ್ಬಿಯಲ್ಲಿ ಹುಡುಕಿ. ಗ್ಯಾಸ್, ಹುಳಿತೇಗು ಎಂದು ಹೇಳಿದರೆ ನಮ್ಮಲ್ಲಿ ಲೆವೊಸಲ್ಪಿರೈಡ್ ಸೇರಿದ ಕ್ಯಾಪ್ಸೂಲ್ ಧಾರಾಳವಾಗಿ ಕೊಡುತ್ತಾರೆ. ತಲೆಸುತ್ತಿಗೆ ಸ್ಟೆಮೆಟಿಲ್, ಸಿನ್ನರಿಜಿನ್. ವಾಂತಿಗೆ ಮೆಟೊಕ್ಲೋಪ್ರಮೈಡ್. ಇವೆಲ್ಲ ಡೋಪಮೈನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಕೆಲವರಿಗೆ ಇವುಗಳಿಂದಲೇ ನಡುಕ ಬರುವುದುಂಟು. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಅಪ್ಪನಿಗೆ ಮುಂದೆ ಸೆಲೆಜಿಲಿನ್ ಅಥವಾ ರಸಾಜಿಲಿನ್ ಬರೆದುಕೊಟ್ಟರೆ ಇನ್ನೊಂದು ಎಚ್ಚರ ಬೇಕು. ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಕೊಡಬಾರದು.

ಡ್ರಿಪ್‌ಗೆ ಹೋಗುತ್ತಿದ್ದ ಗಮನವನ್ನು ಎರಡು ಕಡೆ ತಿರುಗಿಸಿ. ಒಂದು, ಮಾತ್ರೆಯ ಹೊತ್ತು. ಲೆವೊಡೋಪಾ ಮತ್ತು ಊಟದ ಪ್ರೋಟೀನ್ ಕರುಳಲ್ಲೂ ಮಿದುಳಿನ ಬಾಗಿಲಲ್ಲೂ ಒಂದೇ ದಾರಿಗೆ ನುಗ್ಗುತ್ತವೆ. ಇಡ್ಲಿ, ಸಾಂಬಾರ್, ಮೇಲಿಂದ ಒಂದು ಲೋಟ ಹಾಲು ಕುಡಿದು ಮಾತ್ರೆ ನುಂಗಿದರೆ ಅರ್ಧ ವ್ಯರ್ಥ. ಊಟ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲಿ. ಹೊಟ್ಟೆ ತೊಳಸಿದರೆ ಒಂದೆರಡು ಮಾರಿ ಬಿಸ್ಕತ್ತು ಅಡ್ಡಿಯಿಲ್ಲ. ನನ್ನ ಬಳಿ ಬರುವ ಮಾಟುಂಗಾದ ಅಜ್ಜಿಯೊಬ್ಬರಿಗೆ ಬೆಳಗಿನ ಮಾತ್ರೆ ಚೆನ್ನಾಗಿ ಹಿಡಿಯುತ್ತಿತ್ತು, ಮಧ್ಯಾಹ್ನದ್ದು ಹಿಡಿಯುತ್ತಲೇ ಇರಲಿಲ್ಲ. ಸೊಸೆ ಮಾತ್ರೆ ಡಬ್ಬಿ ತಂದು ಮೇಜಿನ ಮೇಲೆ ತೆರೆದಿಟ್ಟಾಗ ಗೊತ್ತಾಯಿತು. ಮಧ್ಯಾಹ್ನದ ಖಾನೆಯಲ್ಲಿ ಹಳದಿ ಮಾತ್ರೆಯ ಪಕ್ಕದಲ್ಲೇ ಕಂದು ಬಣ್ಣದ ಕಬ್ಬಿಣದ ಮಾತ್ರೆ. ಕಬ್ಬಿಣ ಲೆವೊಡೋಪಾವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಎರಡರ ನಡುವೆ ಎರಡು ಗಂಟೆ ಅಂತರ ಕೊಟ್ಟೆವು. ಡೋಸ್ ಏರಿಸದೆಯೇ ಅಜ್ಜಿಯ ಮಧ್ಯಾಹ್ನ ಸರಿಹೋಯಿತು.

ಎರಡು, ವ್ಯಾಯಾಮ. ಸುಮ್ನೆ ಹೇಳುವ ಮಾತಲ್ಲ ಇದು. 2018ರಲ್ಲಿ ಅಮೆರಿಕದಲ್ಲಿ 128 ಜನರ ಮೇಲೆ ನಡೆದ ಪ್ರಯೋಗದಲ್ಲಿ ಟ್ರೆಡ್‌ಮಿಲ್ ಮೇಲೆ ಜೋರಾಗಿ ನಡೆಸಿದರು. ಹೃದಯ ಬಡಿತ ಗರಿಷ್ಠದ ನೂರಕ್ಕೆ 80ರಿಂದ 85ರಷ್ಟು ಏರುವಂತೆ, ವಾರಕ್ಕೆ ನಾಲ್ಕು ದಿನದ ಗುರಿ, ಆರು ತಿಂಗಳು. ಎಂದಿನಂತೆ ಇದ್ದವರ ಅಂಕ 3.2 ಹದಗೆಟ್ಟರೆ ಇವರದ್ದು 0.3 ಮಾತ್ರ. ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಯಲ್ಲೇ ನಿಂತ ಸೈಕಲ್ ತುಳಿಸಿ ನೋಡಿದಾಗಲೂ ಪ್ರಯೋಜನ ಕಂಡಿತು. ಯಾವ ಕ್ಯಾಪ್ಸೂಲೂ ಇಷ್ಟು ಮಾಡಿ ತೋರಿಸಿಲ್ಲ. ಡೊಂಬಿವಲಿಯ ಫುಟ್‌ಪಾತಿನಲ್ಲಿ ಜೋರು ನಡಿಗೆ ಆಗದ ಮಾತು, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಬಾಲ್ಕನಿಯಲ್ಲಿ ಒಂದು ನಿಂತ ಸೈಕಲ್ ಇಡಿ. ಎರಡು ಮೂರು ಡ್ರಿಪ್ಪಿನ ದುಡ್ಡಿನಲ್ಲಿ ಬರುತ್ತದೆ. ಶುರುಮಾಡುವ ಮೊದಲು ಹೃದಯ ತಪಾಸಣೆ ಮಾಡಿಸಿ. ಮುಂಬಯಿಯ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯವರು ರೋಗಿಗಳಿಗೂ ಮನೆಯವರಿಗೂ ಸಪೋರ್ಟ್ ಗ್ರೂಪ್ ನಡೆಸುತ್ತಾರೆ. ಅಲ್ಲಿ ವ್ಯಾಯಾಮವನ್ನೂ ಹೇಳಿಕೊಡುತ್ತಾರೆ. ಪುಣೆಯಲ್ಲಿ ನಿಮ್ಮ ನೆಂಟರಿಗೆ ಬೇಕಾದರೆ ಅಲ್ಲಿ ಪಾರ್ಕಿನ್ಸನ್ಸ್ ಮಿತ್ರಮಂಡಳ ಇದೆ. ಗಲ್ಲಾದಲ್ಲಿ ಕೂತು ನಾಲ್ಕು ಜನರ ಜೊತೆ ಮಾತಾಡಿ ಅಭ್ಯಾಸವಿರುವವರಿಗೆ ಮನೆಯಲ್ಲಿ ಒಬ್ಬರೇ ಕೂರುವುದು ಕಾಯಿಲೆಗಿಂತ ಕಷ್ಟ.

ಹಣ್ಣು, ಸೊಪ್ಪು, ನೆಲ್ಲಿಕಾಯಿ, ಕೋಕಂ, ಅರಿಶಿನ ಎಲ್ಲ ತಿನ್ನಲಿ. ಆಹಾರವಾಗಿ ತಿನ್ನಲಿ. ಮಲಬದ್ಧತೆಗೂ ಒಳ್ಳೆಯದು. ಈ ಕಾಯಿಲೆಯಲ್ಲಿ ಅದು ದೊಡ್ಡ ತಲೆನೋವು. ಲೆವೊಡೋಪಾ ತುಂಬಾ ದಿನ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಅದನ್ನು ವಿಟಮಿನ್ ಡಿ ಜೊತೆ ಒಮ್ಮೆ ಪರೀಕ್ಷಿಸಿ, ಕಡಿಮೆ ಇದ್ದರೆ ಮಾತ್ರ ಕೊಡಿ.

ಕೊನೆಗೆ, ಮನೆಯಲ್ಲಿ ಉಳಿದಿರುವ ಬಾಟಲಿಗಳು. ವಿಟಮಿನ್ ಇ ನಿಲ್ಲಿಸಿ. 35 ಸಾವಿರ ಗಂಡಸರ ಮೇಲೆ ನಡೆದ ಪ್ರಯೋಗವೊಂದರ 2011ರ ವರದಿಯಲ್ಲಿ, ದಿನಕ್ಕೆ 400 ಐಯು ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನೂರಕ್ಕೆ 17ರಷ್ಟು ಜಾಸ್ತಿ ಕಂಡಿತ್ತು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಭಯವೂ ಇದೆ. ಕೋಕ್ಯೂ10 ಉಳಿದಿದ್ದರೆ, ಅಪ್ಪನಿಗೆ ವಾರ್ಫರಿನ್ ಇಲ್ಲದಿದ್ದರೆ, ಮುಗಿಸಬಹುದು. ಹೊಸದು ತರಬೇಡಿ. ಪುಡಿಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಏರಿಸಲೂ ಬೇಡಿ. ಅದರ ಲೆವೊಡೋಪಾ ಅಪ್ಪನ ಮೈಗೆ ಈಗ ಅಭ್ಯಾಸವಾಗಿರಬಹುದು. ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಅವರು ಹೇಳಿದ ಹಾಗೆ ಇಳಿಸಿ. ಎದ್ದಾಗ ತಲೆ ಸುತ್ತುತ್ತದೆ ಎಂದರೆ ಅಥವಾ ಇಲ್ಲದ್ದು ಕಾಣುತ್ತದೆ ಎಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಕರೆದುಕೊಂಡು ಹೋಗಿ.